ಬಾಯಾರಿಕೆಯ ದುಡ್ಡು

ಅದು ಶುರುವಾದದ್ದು ಆಗಸ್ಟ್ ಕೊನೆಯ ವಾರ, ಮಧ್ಯಾಹ್ನ ನಾಲ್ಕರ ಹೊತ್ತಿಗೆ. ಗಡಿಯಂಚಿನ ಮೆಕ್ಯಾಲನ್ ಪಟ್ಟಣದ ಹೊರಗಿನ ಆ ಕಾಲೋನಿಯಲ್ಲಿ ನಾಯಿಗಳೂ ಟ್ರಕ್ಕಿನ ಅಡಿಯಿಂದ ಈಚೆ ಬಾರದಂಥ ಬಿಸಿಲು. ಎಲೋದಿಯಾ ಮೊಮ್ಮಗಳನ್ನು ಹಿತ್ತಲಿನ ನಲ್ಲಿಯ ಹತ್ತಿರ ಮೋಟು ಸ್ಟೂಲಿನ ಮೇಲೆ ಕೂರಿಸಿಕೊಂಡು ಕತ್ತು ತಿಕ್ಕುತ್ತಿದ್ದಳು. ಪಕ್ಕದಲ್ಲಿ ನಿಂಬೆಹೋಳು, ಉಪ್ಪು, ಒಣಗಿದ ಹೀರೆಕಾಯಿಯ ನಾರು.

"ಅಜ್ಜಿ, ಉರಿಯತ್ತೆ."

"ಉರಿದ್ರೆ ತಾನೇ ಹೋಗೋದು? ತಲೆ ಬಗ್ಗಿಸು, ಗುಂಡಮ್ಮ."

ನಯೇಲಿಗೆ ಒಂಬತ್ತು ವರ್ಷ. ಅವಳ ಕತ್ತಿನ ಹಿಂದೆ, ಕೂದಲು ಮುಗಿಯುವಲ್ಲಿ, ಕಪ್ಪು ಪಟ್ಟಿಯೊಂದು ಮೂಡಿತ್ತು. ಮುಟ್ಟಿದರೆ ಮಖಮಲ್ಲಿನ ಹಾಗೆ. ಆ ದಿನ ಸ್ಕೂಲಿನ ನರ್ಸು ಎಲ್ಲ ಮಕ್ಕಳ ಕತ್ತು ನೋಡಿ, ಕೆಲವರ ಕೈಗೆ ಮಾತ್ರ ಕಾಗದ ಕೊಟ್ಟಿದ್ದಳು. ಎಲೋದಿಯಾಗೆ ಓದು ಬಾರದು. ಆದರೂ ಕಾಗದ ಬಿಚ್ಚಿ ನೋಡಿ ಮಡಿಸಿಟ್ಟಿದ್ದಳು. ಕತ್ತು ನೋಡಿ ಕಾಗದ ಕೊಟ್ಟರೆ ಅದರಲ್ಲಿ ಇನ್ನೇನಿರುತ್ತದೆ? ಈ ಮನೆಯವರು ಮಗುವಿಗೆ ಸ್ನಾನ ಮಾಡಿಸುವುದಿಲ್ಲ ಅಂತಲೇ.

ಐದೂವರೆಗೆ ಸೊಸೆ ಇರಾಸೆಮಾ ಬಂದಳು. ಅವಳದು ಪಟ್ಟಣದಲ್ಲಿ ಹಾಸಿಗೆ ಹಿಡಿದ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸ. ಚೀಲವನ್ನೂ ಇಳಿಸದೆ ನಿಂತೇ ಕಾಗದ ಓದಿದಳು. ಆಮೇಲೆ ಮಗಳ ಕತ್ತು ನೋಡಿದಳು.

"ಏನ್ ಮಾಡಿದೀರ ಅತ್ತೆ ಇದಕ್ಕೆ? ಚರ್ಮ ಕಿತ್ತು ಬಂದಿದೆ!"

"ಕೊಳೆ ಅಂತ ಬರ್ದಿದಾರಲ್ಲ, ತೆಗೀತಿದ್ದೆ."

"ಕೊಳೆ ಅಂತ ಯಾರು ಬರ್ದಿದಾರೆ? ಇದು ಒಳಗಿಂದ ಬರೋದು. ಮೈಗೆ ಸಕ್ಕರೆ ತಡ್ಕೊಳಕ್ಕೆ ಆಗ್ತಿಲ್ಲ, ತೂಕ ಬಹಳ ಜಾಸ್ತಿ ಇದೆ, ಡಾಕ್ಟರ್ ಹತ್ರ ತೋರ್ಸಿ ಅಂತ ಇದೆ."

"ಈ ವಯಸ್ಸಿಗೆ ಸಕ್ಕರೆ ಕಾಯಿಲೆನಾ? ಹೋಗೇ."

"ನಿಮ್ಮ ತಮ್ಮನ ಕಾಲು ಕತ್ತರಿಸಿದ್ದು ಯಾತಕ್ಕೆ, ಮರ್ತು ಹೋಯ್ತಾ?"

ಎಲೋದಿಯಾ ಹೀರೆಕಾಯಿ ನಾರನ್ನು ಹಿಂಡಿ ಬೇಲಿಗೆ ನೇತುಹಾಕಿದಳು. ಅವಳಿಗೆ ಏನೂ ಮರೆಯುವುದಿಲ್ಲ. ತಮ್ಮನ ಕಾಲು ಹೋದ ದಿನ ಯಾವ ವಾರ ಎಂಬುದೂ ನೆನಪಿದೆ. ನಲವತ್ತಾರು ವರ್ಷದ ಹಿಂದೆ, ಗಡಿಯ ನದಿಯ ಆಚೆ ದಡದ ಹಳ್ಳಿಯಲ್ಲಿ, ಅವಳ ಹನ್ನೊಂದು ತಿಂಗಳ ಮಗ ಎಲಿಸೇಯೊ ಎರಡೇ ದಿನದ ಭೇದಿಯಲ್ಲಿ ಒಣಗಿಹೋದದ್ದೂ ನೆನಪಿದೆ. ಅದು ಕಾಲುವೆಯ ನೀರಿನಿಂದ ಆದದ್ದು. ಕೊನೆಗೆ ಎತ್ತಿಕೊಂಡರೆ ಬಟ್ಟೆಯಷ್ಟೇ ಭಾರವಿದ್ದ. ಆಮೇಲೆ ಹುಟ್ಟಿದ ಮಕ್ಕಳು ಮೈ ತುಂಬಿಕೊಂಡಷ್ಟೂ ಅವಳಿಗೆ ಸಮಾಧಾನ. ನಯೇಲಿಯನ್ನು ಗುಂಡಮ್ಮ ಎಂದು ಕರೆದದ್ದು ಆ ಸಮಾಧಾನದಲ್ಲೇ.

ಡಾಕ್ಟರು ಬೆರಳು ಚುಚ್ಚಿ, ಕೈಯಿಂದ ರಕ್ತ ತೆಗೆದು, ಕ್ರಿಸ್ಮಸ್ಸಿಗೆ ಮುಂಚೆ ಮತ್ತೆ ಕರೆತರಲು ಹೇಳಿದರು. ಅಷ್ಟರಲ್ಲಿ ಸಕ್ಕರೆ, ತೂಕ ಇಳಿಯದಿದ್ದರೆ ದಿನವೂ ಮಾತ್ರೆ. ಅದಕ್ಕೂ ಬಗ್ಗದಿದ್ದರೆ ಸೂಜಿ.

ಆ ಸಂಜೆ ಇರಾಸೆಮಾಳ ಗಂಡ ಅನ್ಸೆಲ್ಮೊ ಯಾರದೋ ಮನೆಗೆ ಛಾವಣಿ ಹೊದಿಸಿ, ಟಾರು ಮೆತ್ತಿದ ಪ್ಯಾಂಟಿನಲ್ಲೇ ಕರಿದ ಕೋಳಿಯ ದೊಡ್ಡ ಡಬ್ಬ ಹಿಡಿದು ಬಂದ. ಇರಾಸೆಮಾ ಡಬ್ಬ ಇಸಿದುಕೊಂಡು ಸೀದಾ ಪಕ್ಕದ ಮನೆಗೆ ಕೊಟ್ಟು ಬಂದಳು.

"ಏ, ತಲೆ ಕೆಟ್ಟಿದೆಯಾ? ದಿನವಿಡೀ ಬಿಸಿಲಲ್ಲಿ ಬೆಂದು ತಂದಿದೀನಿ!"

"ನಾಳೆಯಿಂದ ಎಲ್ರಿಗೂ ಒಂದೇ ಊಟ. ಮೈದಾ ರೊಟ್ಟಿ ಇಲ್ಲ, ಹಂದಿ ಕೊಬ್ಬು ಇಲ್ಲ, ಸಿಹಿ ಬನ್ನು ಇಲ್ಲ, ಮನೆಯೊಳಗೆ ಒಂದು ಬಾಟ್ಲಿ ಕೂಲ್‌ಡ್ರಿಂಕೂ ಇಲ್ಲ."

"ಇನ್ನೇನು ತಿನ್ನೋದು, ಹುಲ್ಲಾ?"

"ಪಾಪಸುಕಳ್ಳಿ ಪಲ್ಯ. ನಿಮ್ಮಮ್ಮ ಚೆನ್ನಾಗಿ ಮಾಡ್ತಾರಲ್ಲ."

"ಮುಳ್ಳು ತೆಗೆಯೋಳು ನಾನಲ್ವಾ, ಅದಕ್ಕೇ ಸುಲಭ" ಎಂದಳು ಎಲೋದಿಯಾ. ಆದರೂ ಮಾರನೇ ದಿನ ಬೇಲಿಯಂಚಿನ ಕಳ್ಳಿಯ ಎಲೆ ಕೊಯ್ದು, ಮುಳ್ಳು ಹೆರೆದು, ಈರುಳ್ಳಿ ಹಾಕಿ ಬಾಡಿಸಿದಳು. ಕಾಳು ಬೇಯಿಸಿದಳು. ಮೆಕ್ಕೆಜೋಳದ ರೊಟ್ಟಿಯನ್ನು ತಲೆಗೆ ಎರಡರಂತೆ ಲೆಕ್ಕ ಹಾಕಿ ತಟ್ಟಿದಳು. ಗುಂಡಮ್ಮ ಎಂದು ಕರೆಯಕೂಡದು ಅಂತಲೂ ಸೊಸೆ ಹೇಳಿದ್ದಳು. ಅದೊಂದು ಮಾತ್ರ ಬಾಯಿಗೆ ಬಂದುಬಿಡುತ್ತಿತ್ತು.

ಇನ್ನೊಂದು ರೂಢಿಯನ್ನು ಅವಳು ಬಿಡಲಿಲ್ಲ. ಅದು ಊಟದ ಲೆಕ್ಕಕ್ಕೆ ಬರುತ್ತದೆ ಎಂದು ಅವಳಿಗೆ ಹೊಳೆಯಲೇ ಇಲ್ಲ. ಬೆಳಿಗ್ಗೆ ಮೊಮ್ಮಗಳು ಗೇಟು ದಾಟುವಾಗ ಎರಡು ಡಾಲರನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಅವಳ ಜೇಬಿಗೆ ಹಾಕುವಳು. ಅದು ಬಾಯಾರಿಕೆಯ ದುಡ್ಡು.

"ಸ್ಕೂಲ್ ನಲ್ಲಿಗೆ ಬಾಯಿ ಹಾಕ್ಬೇಡ."

"ಗೊತ್ತು ಅಜ್ಜಿ."

ಮಗು ಸ್ಕೂಲಿಗೆ ಸೇರಿದ ದಿನದಿಂದ ನಡೆದು ಬಂದ ಮಾತು ಅದು. ಮನೆಯಲ್ಲಾದರೆ ತಾನೇ ಕುದಿಸಿ ಆರಿಸಿದ ನೀರು. ಹೊರಗೆ ಯಾವ ನೀರನ್ನು ನಂಬುವುದು? ಮಂಡಿ ನೋವಿನಿಂದ ಎಲೋದಿಯಾ ಗೇಟಿನ ಆಚೆ ನಡೆದು ಹೋಗುತ್ತಿರಲಿಲ್ಲ. ಬಸ್ಸು ನಿಲ್ಲುವ ತಿರುವು ನಾಲ್ಕು ಮನೆ ಆಚೆಗಿತ್ತು.

ಭಾನುವಾರ ಚರ್ಚಿನಿಂದ ಬಂದ ಮೇಲೆ ತೂಕ. ಅನ್ಸೆಲ್ಮೊ ದುಡ್ಡು ಸಿಕ್ಕಾಗೊಂದು ಕೋಣೆ ಸೇರಿಸುತ್ತ ಕಟ್ಟಿದ ಮನೆಯಾದ್ದರಿಂದ ನೆಲ ಎಲ್ಲೂ ಸಮವಿರಲಿಲ್ಲ. ಗೋಡೆಯ ದೇವಮಾತೆಯ ಪಟದ ಕೆಳಗಿನ ಒಂದು ಚೌಕ ಮಾತ್ರ ಮಟ್ಟವಾಗಿತ್ತು. ತೂಕದ ಯಂತ್ರ ಅಲ್ಲೇ ಇಟ್ಟರು. ನಯೇಲಿ ಚಪ್ಪಲಿ ಬಿಟ್ಟಳು, ತಲೆಯ ಕ್ಲಿಪ್ಪು ತೆಗೆದಳು.

"ಓಲೆನೂ ತೆಗೀಲಾ ಅಮ್ಮ?"

"ಬೇಡ, ಹತ್ತು."

ಮೊದಲ ಭಾನುವಾರ ನೂರ ಹನ್ನೆರಡು ಪೌಂಡು. ಮೂರನೆಯದಕ್ಕೆ ನೂರ ಹದಿಮೂರು. ಐದನೆಯದಕ್ಕೆ ನೂರ ಹದಿನಾಲ್ಕೂವರೆ. ದೊಡ್ಡವರೆಲ್ಲ ಇಳಿದಿದ್ದರು. ಅನ್ಸೆಲ್ಮೊನ ಬೆಲ್ಟಿಗೆ ಹೊಸ ತೂತು ಬಿದ್ದಿತ್ತು. ಏರಿದ್ದು ಮಗು ಒಂದೇ.

ಅಲ್ಲಿಂದ ಮನೆಯೊಳಗೆ ಒಬ್ಬರ ಕೈಯನ್ನು ಒಬ್ಬರು ನೋಡತೊಡಗಿದರು. ಇರಾಸೆಮಾ ಕೆಲಸದಿಂದ ಬಂದವಳೇ ಕಸದ ಡಬ್ಬಿಯ ಮುಚ್ಚಳ ಎತ್ತುವಳು. ಅಡುಗೆಮನೆಯ ಕಪಾಟಿಗೆ ಬೀಗ ಬಂತು, ಬೀಗದ ಕೈ ಅವಳ ಕತ್ತಿಗೆ ಹೋಯಿತು. ಒಂದು ಶನಿವಾರ ಎಲೋದಿಯಾ ಬಟ್ಟೆ ಒಣಹಾಕಿ ಒಳಗೆ ಬಂದರೆ ಸೊಸೆ ಅವಳ ಪೆಟ್ಟಿಗೆಯ ಮುಂದೆ ಕೂತಿದ್ದಾಳೆ. ಕೈಯಲ್ಲಿ ಬೆಲ್ಲದ ಅಚ್ಚು.

"ಇದೇನು ಅತ್ತೆ?"

"ಕಾಣಲ್ವಾ? ಬೆಲ್ಲ. ನನ್ನ ಕಾಫಿಗೆ. ನನ್ನ ಪೆಟ್ಟಿಗೆ ತೆಗೆಯೋಕೆ ನಿಂಗೆ ಯಾರು ಹೇಳಿದ್ದು?"

"ನಾಲ್ಕು ಅಚ್ಚು ಇದೆ. ಒಬ್ರ ಕಾಫಿಗಾ?"

"ಎಣಿಸಿಟ್ಕೋ. ರಾತ್ರಿ ಇಲಿ ತಿಂದ್ರೂ ನನ್ನ ಹಲ್ಲೇ ನೋಡು."

"ಮಗು ಜೀವದ ವಿಷಯ, ತಮಾಷೆ ಬೇಡ. ನೀವು ಪ್ರೀತಿಯಿಂದಾನೇ ಕೊಡ್ತೀರ ಅಂತ ಗೊತ್ತು ನಂಗೆ. ಅದಕ್ಕೇ ಹೆದ್ರಿಕೆ."

ಎಲೋದಿಯಾ ಮಾತೆಯ ಪಟದ ಹತ್ತಿರ ಹೋಗಿ ಗೋಡೆಗೆ ಅಂಗೈ ಒತ್ತಿದಳು. "ಈ ತಾಯಾಣೆ. ನಿನಗೆ ಕಾಣದ ಹಾಗೆ ಒಂದು ತುತ್ತು ಆ ಮಗು ಬಾಯಿಗೆ ಹಾಕಿದ್ರೆ ನನ್ನ ಕೈ ಸೇದಿಹೋಗ್ಲಿ."

ಆಣೆ ಸುಳ್ಳಾಗಿರಲಿಲ್ಲ. ಇರಾಸೆಮಾ ಬೆಲ್ಲವನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು ಎದ್ದಳು. "ನೀವಲ್ಲ ಅಂದ್ರೆ ಬೇರೆ ಯಾರೋ ಇದಾರೆ. ಆದ್ರೆ ನೀವೇ ಅಂತ ಗೊತ್ತಾದ್ರೆ ಹ್ಯೂಸ್ಟನ್ನಿಗೆ ಡೆಲ್ಫಿನಾಗೆ ಫೋನ್ ಮಾಡ್ತೀನಿ. ಬಂದು ಕರ್ಕೊಂಡ್ ಹೋಗ್ಲಿ ಅವರಮ್ಮನ್ನ."

ಡೆಲ್ಫಿನಾ ಎಲೋದಿಯಾಳ ಮಗಳು. ಒಳ್ಳೆಯವಳೇ. ಆದರೆ ನಾಲ್ಕನೇ ಮಹಡಿಯ ಮನೆ, ಅಂಗಳವಿಲ್ಲ, ಕೋಳಿಯಿಲ್ಲ, ಮಾತಾಡಿದರೆ ತಿರುಗಿ ಮಾತಾಡುವ ಮೊಮ್ಮಗಳಿಲ್ಲ. ನಯೇಲಿ ಹುಟ್ಟಿದ ಮೂರನೇ ವಾರದಿಂದ ಇರಾಸೆಮಾ ಕೆಲಸಕ್ಕೆ ಹೋಗಿದ್ದಳು. ಮಗು ಬೆಳೆದದ್ದು ಎಲೋದಿಯಾಳ ಸೊಂಟದ ಮೇಲೆ. ಈ ಮನೆ ಬಿಟ್ಟರೆ ಆ ಮಗುವನ್ನು ಬಿಟ್ಟ ಹಾಗೆ.

ಹಾಗಾಗಿ ಅವಳೂ ಕಣ್ಣಿಡಲು ಶುರುಮಾಡಿದಳು. ಮಗನ ಟ್ರಕ್ಕಿನ ಸೀಟಿನ ಅಡಿ ಕೈ ಹಾಕಿದಳು. ಸಿಕ್ಕ ಬರ್ಗರ್ ಕಾಗದ ಒಬ್ಬರದಷ್ಟೇ. ಸೊಸೆಯ ಚೀಲದಲ್ಲಿ ಒಂದು ದಿನ ಕೇಕಿನ ತುಂಡು ಕಂಡಳು. ಸಂಜೆ ನೋಡಿದರೆ ಅದನ್ನು ಸೊಸೆ ಬಟ್ಟೆ ಒಗೆಯುವ ಯಂತ್ರದ ಹಿಂದೆ ನಿಂತು ತಾನೇ ನುಂಗುತ್ತಿದ್ದಳು. ಎಲೋದಿಯಾ ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು.

ಉಳಿದವನು ಚೆಮಾ. ಇರಾಸೆಮಾಳ ಅಣ್ಣ, ನಲವತ್ತೈದಾದರೂ ಮದುವೆಯಿಲ್ಲ. ಹಿತ್ತಲಿನ ಹಳೇ ಟ್ರೇಲರಿನಲ್ಲಿ ಅವನ ವಾಸ. ಗಾಡಿಯಲ್ಲಿ ಐಸ್ ಗೋಲಾ ಮಾರುವುದು ಕಸುಬು. ಟ್ರೇಲರಿನ ಬಾಗಿಲಲ್ಲಿ ಕೆಂಪು, ಹಸಿರು, ನೀಲಿ ಪಾಕದ ಕ್ಯಾನುಗಳ ಸಾಲೇ ಇತ್ತು. ಇಷ್ಟು ದಿನ ಇದು ತನಗೆ ಕಾಣಲಿಲ್ಲವಲ್ಲ ಎಂದು ಎಲೋದಿಯಾ ತನ್ನನ್ನೇ ಬೈದುಕೊಂಡಳು.

ಒಂದು ವಾರ ಅಡುಗೆಮನೆಯ ಕಿಟಕಿಯಿಂದ ಕಾದಳು. ಐದು ದಿನವೂ ಅದೇ. ಬಸ್ಸಿಳಿದ ಹುಡುಗಿ ಮನೆಗೆ ಬರುವ ಮೊದಲು ಹಿತ್ತಲಿಗೆ ಸುತ್ತಿ, ಟ್ರೇಲರಿನೊಳಗೆ ಹೋಗಿ, ಸ್ವಲ್ಪ ಹೊತ್ತಿಗೆ ತೋಳಿನಿಂದ ಬಾಯಿ ಒರೆಸಿಕೊಳ್ಳುತ್ತ ಹೊರಬರುವಳು.

ಅಕ್ಟೋಬರ್ ಎರಡನೇ ಭಾನುವಾರ ತೂಕ ನೂರ ಹದಿನೈದಾಯಿತು. ಊಟಕ್ಕೆ ಚೆಮಾನೂ ಕೂತಿದ್ದ. ಎಲೋದಿಯಾ ತಟ್ಟೆ ಬಡಿಸಿ ಕೂರಲಿಲ್ಲ.

"ಚೆಮಾ, ದಿನಾ ನಾಲ್ಕು ಗಂಟೆಗೆ ಈ ಹುಡುಗಿ ನಿನ್ನ ಟ್ರೇಲರಿಗೆ ಯಾಕೆ ಬರತ್ತೆ?"

ಚೆಮಾ ರೊಟ್ಟಿ ಕೆಳಗಿಟ್ಟ. ಹಿರಿಯಳೆಂದು ಮರ್ಯಾದೆಗೆ ಅವನು ಎಲೋದಿಯಾಳನ್ನು ದೋನ್ಯಾ ಎನ್ನುತ್ತಿದ್ದ. "ಸೆಕೆ ಅಲ್ವಾ ದೋನ್ಯಾ ಎಲೋದಿಯಾ. ಒಂದ್ ಲೋಟ ಐಸ್ ತಿಂದು ಹೋಗತ್ತೆ."

ಇರಾಸೆಮಾ ತಲೆಯೆತ್ತಿದಳು. "ಐಸ್ ಕೊಡ್ತಿದೀಯಾ? ನೀನಾ?"

"ಬರೀ ಐಸು ಕಣೇ. ಪಾಕ ಹಾಕಲ್ಲ. ಒಂದು ಹನಿನೂ ಹಾಕಲ್ಲ."

"ಪಾಕ ಇಲ್ದೆ ಐಸ್ ಯಾವ ಮಗು ತಿನ್ನತ್ತೆ?" ಎಂದಳು ಎಲೋದಿಯಾ. "ಹದಿನೈದು ವರ್ಷದಿಂದ ಮಾರ್ತಿದೀಯ, ಬರೀ ಐಸ್ ಕೊಡಿ ಅಂತ ಒಬ್ಬರಾದ್ರೂ ಕೇಳಿದಾರಾ?"

ಅನ್ಸೆಲ್ಮೊ ನಕ್ಕುಬಿಟ್ಟ. ಬೇರೆ ಯಾರೂ ನಗಲಿಲ್ಲ.

"ಮಗೂನೇ ಕೇಳಿ" ಎಂದ ಚೆಮಾ.

"ನಯೇಲಿ, ಮಾಮ ದಿನಾ ಐಸ್ ಕೊಡ್ತಾನಾ?" ಎಂದಳು ಇರಾಸೆಮಾ. ದನಿ ಗಟ್ಟಿಯಾಗಿತ್ತು. ನಯೇಲಿ ಅಮ್ಮನನ್ನು, ಅಜ್ಜಿಯನ್ನು, ತಟ್ಟೆಯನ್ನು ನೋಡಿ ಹೂಂ ಎಂದು ತಲೆಯಾಡಿಸಿದಳು. ಅದಕ್ಕಿಂತ ಹೆಚ್ಚು ಯಾರೂ ಕೇಳಲಿಲ್ಲ.

"ಈ ಮಗೂನ ಮೈ ಕೆಡಿಸ್ತಿರೋರು ಈ ಮನೇಲಿ ಇರಬಾರ್ದು" ಎಂದಳು ಎಲೋದಿಯಾ. "ಅವರು ಯಾರೇ ಆಗ್ಲಿ."

ಚೆಮಾ ತಂಗಿಯ ಮುಖ ನೋಡಿದ. ಇರಾಸೆಮಾ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು. ಅವನು ತಟ್ಟೆಯನ್ನು ತೊಳೆದಿಟ್ಟು ಹೊರಟ. ಮಂಗಳವಾರ ಬೆಳಿಗ್ಗೆ ಗೋಲಾ ಗಾಡಿಯನ್ನು ಪಿಕಪ್ಪಿನ ಹಿಂದೆ ಕಟ್ಟಿಕೊಂಡು ಸ್ಯಾನ್ ಆಂಟೋನಿಯೊ ಕಡೆ ಹೋದ. ಗಾಡಿ ನಿಲ್ಲುತ್ತಿದ್ದಲ್ಲಿ ಹುಲ್ಲು ಸತ್ತ ಎರಡು ಪಟ್ಟೆ ಹಿತ್ತಲಲ್ಲಿ ಉಳಿದವು.

ಇನ್ನು ಇಳಿಯುತ್ತದೆ ಎಂದುಕೊಂಡರು. ನವೆಂಬರ್ ಮೊದಲ ಭಾನುವಾರ ನೂರ ಹದಿನೇಳೂವರೆ. ಎರಡನೆಯದಕ್ಕೆ ನೂರ ಹದಿನೆಂಟೂವರೆ. ಹಿಂದಿಗಿಂತ ಬೇಗ ಏರುತ್ತಿತ್ತು.

ನಯೇಲಿ ಯಂತ್ರದಿಂದ ಇಳಿಯದೆ ಮಾತೆಯ ಪಟಕ್ಕೆ ಮುಖ ಮಾಡಿ ನಿಂತಳು. "ನಾನೇನೂ ಕದ್ದಿಲ್ಲ" ಎಂದಳು. "ನೀವು ಹೇಳಿದ್ದೇ ತಿಂತಿದೀನಿ. ನನ್ನ ಮೈಗೇ ಬುದ್ಧಿಯಿಲ್ಲ."

ಮಗು ಒಳಗೆ ಹೋದ ಮೇಲೆ ಇರಾಸೆಮಾ ಅತ್ತೆಯ ಕಡೆ ತಿರುಗಿದಳು.

"ನಮ್ಮಣ್ಣ ಹೋಗಿ ನಾಲ್ಕು ವಾರ ಆಯ್ತು. ಈಗ ಯಾರು ಅತ್ತೆ?"

"ನನ್ನ ಯಾಕೆ ನೋಡ್ತೀಯ? ಆಣೆ ಹಾಕಿಲ್ವಾ?"

"ಹಾಕಿದೀರ. ಮನೇಲಿ ಉಳಿದಿರೋದು ನೀವು, ನಾನು, ನಿಮ್ಮ ಮಗ."

"ಯಂತ್ರಾನೇ ಕೆಟ್ಟಿದ್ರೋ?" ಎಂದ ಅನ್ಸೆಲ್ಮೊ. ಇರಾಸೆಮಾ ಯಂತ್ರದ ಮೇಲೆ ಹತ್ತು ಪೌಂಡಿನ ಹಿಟ್ಟಿನ ಚೀಲ ಇಟ್ಟಳು. ಹತ್ತು ಅಂತ ತೋರಿಸಿತು.

ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಸೋಮವಾರ. ತಮಾಲೆ ಎಂಬ ಜೋಳದ ಕಡುಬು ಸುತ್ತಲು ಒಣಗಿದ ಮೆಕ್ಕೆಜೋಳದ ಸಿಪ್ಪೆ ಬೇಕಿತ್ತು. ಎಲೋದಿಯಾ ಕೋಲು ಹಿಡಿದು ತಿರುವಿನ ಮನೆಯವರೆಗೆ ಹೋದಳು. ಅಲ್ಲಿ ದೋನ್ಯಾ ಕೂಕಾ ಎಂಬವಳು ಮುಂಭಾಗದ ಕೋಣೆಯ ಕಿಟಕಿಯಿಂದಲೇ ಅಂಗಡಿ ನಡೆಸುತ್ತಿದ್ದಳು. ಸಿಪ್ಪೆ ಕಟ್ಟುತ್ತಿರುವಾಗಲೇ ಸ್ಕೂಲು ಬಸ್ಸು ಬಂದು ನಿಂತಿತು. ಕೂಕಾ ತಿರುಗಿಯೂ ನೋಡದೆ ಫ್ರಿಜ್ಜಿನಿಂದ ಕೆಂಪು ಕೂಲ್‌ಡ್ರಿಂಕಿನ ಒಂದು ದೊಡ್ಡ ಬಾಟ್ಲಿ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಅದು ಯಾರಿಗೆ?"

"ಇನ್ಯಾರಿಗೆ? ನಿಮ್ಮ ಮೊಮ್ಮಗಳಿಗೆ."

"ನಮ್ಮ ಮಗು ಅದನ್ನ ಮುಟ್ಟಲ್ಲ."

ಕೂಕಾ ನಕ್ಕಳು. "ಬೆಳಿಗ್ಗೆ ಬಸ್ ಹತ್ತೋವಾಗ ಒಂದು, ಅದು ನಾಲ್ಕು ವರ್ಷದಿಂದ ಇದೆ. ಸಾಯಂಕಾಲದ್ದು ನಡುವೆ ನಿಂತಿತ್ತು, ಈಗೊಂದು ತಿಂಗಳಿಂದ ಮತ್ತೆ ಶುರು, ಆ ಗೋಲಾದವನು ಹೋದ ಮೇಲೆ. ಬಾಟ್ಲಿಗೆ ಒಂದು ಡಾಲರು. ನೀವೇ ಅಲ್ವಾ ದುಡ್ಡು ಕೊಡೋದು? ಕರವಸ್ತ್ರದಲ್ಲಿ ಸುತ್ತಿ?"

ನಯೇಲಿ ಬಂದು ಅಜ್ಜಿಯನ್ನು ಕಂಡಳು. ಹೆದರಲಿಲ್ಲ. ಮುಚ್ಚಿಟ್ಟ ಮಕ್ಕಳ ಮುಖ ಎಲೋದಿಯಾ ಬೇಕಾದಷ್ಟು ನೋಡಿದ್ದಳು, ಇದು ಅಂಥದ್ದಲ್ಲ.

"ನಾನು ದುಡ್ಡು ಕೊಡೋದು ನೀರಿಗಲ್ವಾ ಪುಟ್ಟಿ?"

"ಹೂಂ ಅಜ್ಜಿ. ಬಾಯಾರಿಕೆಗೆ."

"ಅಲ್ಲಿ ನೀರಿನ ಬಾಟ್ಲಿ ಇದೆಯಲ್ಲ, ಸಾಲಾಗಿ. ಅದ್ಯಾಕೆ ತಗೊಳ್ಳಲ್ಲ?"

"ಅದು ಸುಂಯ್ ಅನ್ನಲ್ಲ."

"ಏನು?"

"ಮುಚ್ಚಳ ತಿರುಗಿಸಿದಾಗ ಸುಂಯ್ ಅಂದ್ರೆ ಮಾತ್ರ ಕುಡಿ, ಸುಂಯ್ ಅನ್ನದೇ ಇರೋದನ್ನ ಯಾರೋ ನಲ್ಲೀಲಿ ತುಂಬಿಸಿರ್ತಾರೆ, ಅದ್ರಲ್ಲಿ ಎಲಿಸೇಯೊ ದೊಡ್ಡಪ್ಪನ್ನ ಕೊಂದ ಹುಳ ಇರತ್ತೆ ಅಂತ ನೀನೇ ಹೇಳಿದ್ದೆ. ನಾನು ಫಸ್ಟ್ ಸ್ಕೂಲಿಗೆ ಹೋದಾಗ."

ಎಲೋದಿಯಾ ಕಿಟಕಿಯ ಕಟ್ಟೆ ಹಿಡಿದುಕೊಂಡಳು. ನಲವತ್ತಾರು ವರ್ಷದ ಹಿಂದಿನ ಎರಡು ದಿನಗಳ ಗಳಿಗೆ ಗಳಿಗೆಯೂ ಅವಳಿಗೆ ನೆನಪಿತ್ತು. ನಾಲ್ಕು ವರ್ಷದ ಹಿಂದೆ ಗೇಟಿನಲ್ಲಿ ತಾನಾಡಿದ ಈ ಮಾತು ಮಾತ್ರ ಅವಳಿಂದ ಜಾರಿಹೋಗಿತ್ತು. ಮಗು ಹಿಡಿದಿಟ್ಟುಕೊಂಡಿತ್ತು.

"ಮತ್ತೆ ಚೆಮಾ ಮಾಮನ ಐಸು?"

"ಐಸ್ ನೀರಲ್ವಲ್ಲ ಅಜ್ಜಿ. ಹೆಪ್ಪುಗಟ್ಟಿದ್ರೆ ಹುಳ ಸಾಯತ್ತೆ ಅಂತ ಮಾಮ ಅಂದ. ಅದಕ್ಕೇ ತಿಂತಿದ್ದೆ. ಬರೀ ಐಸು. ಸಾಯಂಕಾಲ ಬಾಟ್ಲಿ ಬೇಡ ಅಂತ ಅವನೇ ಬಿಡಿಸಿದ್ದ."

"ಅವತ್ತು ಊಟಕ್ಕೆ ಕೂತಾಗ ಯಾಕೆ ಹೇಳ್ಲಿಲ್ಲ?"

"ಐಸ್ ಕೊಡ್ತಾನಾ ಅಂತ ಕೇಳಿದ್ರಿ. ಕೊಡ್ತಾನೆ ಅಂದೆ."

ಬಾಟ್ಲಿ ಕಟ್ಟೆಯ ಮೇಲೇ ಉಳಿಯಿತು. ಇಬ್ಬರೂ ಮನೆಗೆ ನಡೆದರು. ಎಲೋದಿಯಾಗೆ ಒಂದು ಯೋಚನೆ ಬಾರದೆ ಇರಲಿಲ್ಲ: ಯಾರಿಗೂ ಗೊತ್ತಿಲ್ಲ. ದುಡ್ಡು ನಿಲ್ಲಿಸಿದರೆ ಸಾಕು, ತೂಕ ತಾನೇ ಇಳಿಯುತ್ತದೆ, ತಪ್ಪು ಚೆಮಾನ ಹೆಸರಲ್ಲೇ ಇರುತ್ತದೆ. ಗೇಟಿನವರೆಗೆ ಆ ಯೋಚನೆ ಅವಳ ಜೊತೆ ಬಂತು. ಹಿತ್ತಲಿನ ಎರಡು ಪಟ್ಟೆ ಕಂಡಾಗ ಬಿಟ್ಟುಹೋಯಿತು.

ಸಂಜೆ ಕಾಳಿನ ಪಾತ್ರೆ ಮೇಜಿನ ಮೇಲಿಟ್ಟು ಎಲ್ಲ ಹೇಳಿದಳು. ಅನ್ಸೆಲ್ಮೊ ತಲೆ ತಗ್ಗಿಸಿ ಕೂತ. ಇರಾಸೆಮಾ ಕಾಳಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದಳು.

"ಒಂದು ತುತ್ತೂ ಕೊಟ್ಟಿಲ್ಲ ಅಂತ ಆಣೆ ಹಾಕಿದ್ರಿ."

"ತುತ್ತು ಕೊಟ್ಟಿರ್ಲಿಲ್ಲ."

"ನಮ್ಮಣ್ಣ ಒಬ್ಬನೇ ಅತ್ತೆ, ಬಾಟ್ಲಿ ಬಿಡಿಸಿ ಅವಳ ಹೊಟ್ಟೆಗೆ ನೀರು ಇಳಿಸ್ತಿದ್ದೋನು. ಅವನನ್ನೇ ಓಡಿಸಿದ್ವಿ. ನಾನೂ ಸುಮ್ನೆ ಕೂತಿದ್ದೆ."

"ಫೋನ್ ಹಾಕಿಕೊಡು" ಎಂದಳು ಎಲೋದಿಯಾ.

ಚೆಮಾ ಎತ್ತಿಕೊಂಡ. ಅವಳು ಹೇಳುವಷ್ಟನ್ನೂ ಕೇಳಿದ. "ಈಗ ನೀರು ಕುಡೀತಿದಾಳಾ?" ಎಂದಷ್ಟೇ ಕೇಳಿದ.

"ಕುಡಿಸ್ತೀನಿ. ನೀನು ಬಂದ್ಬಿಡಪ್ಪ."

"ನೋಡೋಣ ದೋನ್ಯಾ. ಆ ಮೇಜಿಗೆ ಬಂದು ಮತ್ತೆ ಕೂರೋದು ಸ್ವಲ್ಪ ಕಷ್ಟ."

ಹಬ್ಬ ಕಳೆದ ಸೋಮವಾರ ಎಲೋದಿಯಾ ಸೊಸೆಯ ಕಾರಿನಲ್ಲಿ ಸ್ಕೂಲಿಗೆ ಹೋದಳು. ಕಾರಿಡಾರಿನ ಗೋಡೆಗೆ ನಲ್ಲಿ ಇತ್ತು, ಮಕ್ಕಳ ಎತ್ತರಕ್ಕೆ. ಮೊಮ್ಮಗಳು ನೋಡುತ್ತಿದ್ದಂತೆ ಕೋಲನ್ನು ಇರಾಸೆಮಾಳ ಕೈಗೆ ಕೊಟ್ಟು, ಬಗ್ಗಿ, ಬಾಯಿ ಹಾಕಿ ಕುಡಿದಳು. ಒಂದು ಗುಟುಕಲ್ಲ, ಬಾಯಾರಿದವರ ಹಾಗೆ. ಗಲ್ಲದಿಂದ ನೀರಿಳಿದು ರವಿಕೆ ಒದ್ದೆಯಾಯಿತು.

"ಹೊಟ್ಟೆ ನೋಯ್ತಿದೆಯಾ ಅಜ್ಜಿ?"

"ಸಾಯಂಕಾಲ ಬಂದು ನೋಡು."

ಸಾಯಂಕಾಲ ನಯೇಲಿ ಬಸ್ಸಿಳಿದು ಓಡಿ ಬಂದಳು. ಅಜ್ಜಿ ರೊಟ್ಟಿ ತಟ್ಟುತ್ತಿದ್ದಳು. ಬುಧವಾರ ಹುಡುಗಿ ಸ್ಕೂಲಿನ ನಲ್ಲಿಗೆ ಬಾಯಿ ಹಾಕಿದಳು.

ಡಿಸೆಂಬರ್ ಮೊದಲ ಭಾನುವಾರ, ಆಗಸ್ಟಿನಿಂದ ಈಚೆಗೆ ಮೊದಲ ಸಲ, ತೂಕ ಏರಲಿಲ್ಲ. ಹನ್ನೊಂದನೇ ತಾರೀಖು ಡಾಕ್ಟರು ರಕ್ತ ನೋಡಿ, ಇನ್ನೂ ಹೆಚ್ಚೇ ಇದೆ, ಆದರೂ ಕಾರಣ ಸಿಕ್ಕಿದೆಯಲ್ಲ, ಮಾತ್ರೆ ಸದ್ಯಕ್ಕೆ ಬೇಡ, ಮಾರ್ಚಿಗೆ ಬನ್ನಿ ಎಂದರು. ಮಾರನೇ ದಿನ ಮಾತೆಯ ಹಬ್ಬ. ಎಲೋದಿಯಾ ಪಟಕ್ಕೆ ಗುಲಾಬಿ ಇಟ್ಟು ಬಂದು ಪೆಟ್ಟಿಗೆಗೆ ಬಟ್ಟೆ ತುಂಬತೊಡಗಿದಳು.

"ಡೆಲ್ಫಿನಾಗೆ ನಾನು ಫೋನ್ ಮಾಡಿಲ್ಲ" ಎಂದಳು ಇರಾಸೆಮಾ, ಬಾಗಿಲಲ್ಲಿ ನಿಂತು. "ಯಾರೂ ನಿಮಗೆ ಹೋಗಿ ಅಂದಿಲ್ಲ ಅತ್ತೆ."

"ಚೆಮಾಗೂ ಯಾರೂ ಹೋಗು ಅಂದಿರ್ಲಿಲ್ಲ. ನಾನಿರೋ ಅಂಗಳಕ್ಕೆ ಅವನು ಗಾಡಿ ತರಲ್ಲ. ಮಗೂಗೆ ಈಗ ಬೇಕಿರೋದು ಅವನ ಐಸು."

ಇರಾಸೆಮಾ ಕತ್ತಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಬಟ್ಟೆ ಮಡಿಸಿಕೊಡಲು ಕೂತಳು.

ಬಸ್ ನಿಲ್ದಾಣದಲ್ಲಿ ನಯೇಲಿ ಅಜ್ಜಿಯ ಮಡಿಲಿಗೆ ಒಂದು ಬಾಟ್ಲಿ ಹಾಕಿದಳು. ಅಂಗಡಿಯ ನೀರಿನದು. "ದಾರೀಲಿ ಬಾಯಾರತ್ತೆ. ಇಲ್ಲೇ ಕುಡಿ, ನಾನು ನೋಡ್ಬೇಕು."

ಎಲೋದಿಯಾ ಮುಚ್ಚಳ ತಿರುಗಿಸಿದಳು. ಇಬ್ಬರೂ ಕಿವಿಗೊಟ್ಟರು. ಸದ್ದಿಲ್ಲ. ಎಲೋದಿಯಾ ಕುಡಿದು, ಅರ್ಧ ಉಳಿಸಿ, ಮೊಮ್ಮಗಳಿಗೆ ಕೊಟ್ಟಳು.

ಎಲೋದಿಯಾ ಹೋದದ್ದು ಶನಿವಾರ, ಡಿಸೆಂಬರ್ ಹದಿಮೂರರಂದು, ಬೆಳಗಿನ ಹತ್ತೂವರೆಯ ಹ್ಯೂಸ್ಟನ್ ಬಸ್ಸಿನಲ್ಲಿ.